ಮೂರು ಚುಕ್ಕಿ ಎರಡು

ಬಾರ್ನ್‌ಸ್ಲಿಯ ಪಾರಿವಾಳ ಕ್ಲಬ್ಬು, ಗುರುವಾರ ಸಂಜೆ.
ನಲವತ್ಮೂರು ಸದಸ್ಯರ ಪೈಕಿ ಬಂದವರು ಒಂಬತ್ತು,
ಜೊತೆಗೆ ನಾನು, ಭಾಗೀರಥಿ,
ಇವರ ಬಾಯಲ್ಲಿ ‘ಬ್ಯಾಗಿ’.
ಹಗಲೆಲ್ಲ ಇವರಿಗೇ ಬಿ.ಪಿ. ಮಾತ್ರೆ ಎಣಿಸಿ ಕೊಡುವವಳು
ಸಂಜೆ ಇವರಿಗೊಂದು ಜಾಲತಾಣ ಕಟ್ಟಿಕೊಡುತ್ತೇನೆಂದು
ಯಾವ ಗಳಿಗೆಯಲ್ಲಿ ಬಾಯಿಬಿಟ್ಟೆನೋ.

ಗೆಳೆಯರು, ಗುಂಪುಗಳು, ಫೋಟೊ, ಗೋಡೆ, ಲೈಕು,
ಯಾರ ಹಕ್ಕಿ ಎಷ್ಟು ಹೊತ್ತಿಗೆ ಮನೆ ಮುಟ್ಟಿತೆಂಬ ಪಟ್ಟಿ.
ತೀರಿಕೊಂಡು ಆರು ವರ್ಷವಾದ ಗಂಡನ ಹೆಸರಿನಲ್ಲೂ
ಒಂದು ಖಾತೆ ತೆಗೆಯಬಹುದೇ, ಕೇಳಿದಳು ಮೇವಿಸ್.
ಆಗುತ್ತದೆ ಅಂದೆ.
ಎಲ್ಲಕ್ಕೂ ತಳಪಾಯವೊಂದು ಪುಕ್ಕಟೆ ಸಿಗುತ್ತದೆ, ಸರಿ;
ಯಾವ ಆವೃತ್ತಿ ಅನ್ನುವುದೇ ತಕರಾರು.

ಮೂರು ಚುಕ್ಕಿ ಎರಡು: ಐದು ವರ್ಷ ಹಳೆಯದು,
ಬಣ್ಣ ಮಾಸಿದೆ, ಗುಂಡಿಗಳು ಒರಟು,
ಆದರೆ ಕೂರಿಸಿದಲ್ಲಿ ಕೂತಿರುತ್ತದೆ.
ಫೋಟೊ ಆಲ್ಬಮ್ಮಿನ ಪ್ಲಗಿನ್ ಒಪ್ಪುವುದು ಇದೊಂದನ್ನೇ.
ಬೆಂಬಲ ಇನ್ನು ಹದಿನಾಲ್ಕು ತಿಂಗಳು;
ಆಮೇಲೆ ತೂತು ಬಿದ್ದರೆ ತೇಪೆ ಹಾಕುವವರಿಲ್ಲ.
ಔಷಧಿ ಅಂಗಡಿಯವಳಿಗೆ ಇದನ್ನು ಹೇಳಿಕೊಡಬೇಕಿಲ್ಲ,
ಡಬ್ಬಿಯ ತಳದ ತಾರೀಖನ್ನೇ ಮೊದಲು ಹುಡುಕುವ ಕಣ್ಣು ನನ್ನದು.

ನಾಲ್ಕು ಚುಕ್ಕಿ ಸೊನ್ನೆ: ಹೋದ ಮಂಗಳವಾರ ಹುಟ್ಟಿದ್ದು.
ಫೋನಿನ ಅಗಲಕ್ಕೆ ತಾನೇ ಮೈ ಕುಗ್ಗಿಸಿಕೊಳ್ಳುತ್ತದೆ,
ಸಂದೇಶ ಬಂದರೆ ಟಿಣ್ ಅನ್ನುತ್ತದೆ,
ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಸಲ
ಬಿಳಿ ಪರದೆ ಹೊದ್ದು ಸತ್ತಿತು.
‘ಅದನ್ನೇ ಹಾಕಿ’ ಅಂದ ಡೊರೀನಳ ಮೊಮ್ಮಗ ಕ್ಯಾಲಮ್,
‘ಹಳೆಯದು ಹಾಕಿದರೆ ಮುಂದಿನ ವರ್ಷ ಮತ್ತೆ ಇದೇ ಪಾಡು.’
ಹುಡುಗ ಹೇಳಿದ್ದು ಸುಳ್ಳಲ್ಲ.
ಆದರೆ ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ
ಅನ್ನುವುದನ್ನು ಯಾರ್ಕ್‌ಷೈರಿನ ಇಂಗ್ಲಿಷಿನಲ್ಲಿ ಹೇಗೆ ಹೇಳಲಿ?
ಹೇಳಿದೆ. ಗೋಣಿಯನ್ನು ಯಾಕೆ ಒಗೆಯಬೇಕು, ಕೇಳಿದರು.

ಕ್ಲಿಫರ್ಡ್ ಹಿಂಚ್‌ಲಿಫ್ ಅಲ್ಲಿಯತನಕ ಸುಮ್ಮನಿದ್ದ.
ಗಣಿ ಮುಚ್ಚಿದ ವರ್ಷದಿಂದ
ಅವನ ಮಾತೆಲ್ಲ ಹಕ್ಕಿಗಳ ಜೊತೆಗೇ.
‘ಕಡಲು ದಾಟಿ ಬರುವ ಪಂದ್ಯಕ್ಕೆ’ ಅಂದ,
‘ಮರಿಯನ್ನು ಕಳಿಸುತ್ತೀಯಾ, ಬ್ಯಾಗಿ?
ಮರಿಗೆ ವೇಗ ಜಾಸ್ತಿ, ಒಪ್ಪಿದೆ.
ನಾನು ಬುಟ್ಟಿಗೆ ಹಾಕುವುದು
ಎರಡು ಸಲ ಫ್ರಾನ್ಸಿನಿಂದ ಮನೆಗೆ ಬಂದ ಮುದಿ ಹೆಣ್ಣನ್ನು.
ಮರಿಯನ್ನು ಡಾಂಕಾಸ್ಟರಿನಿಂದ ಹಾರಿಸು. ಬೇಸಿಗೆಯೆಲ್ಲ ಹಾರಿಸು.
ಆಮೇಲೆ ಮಾತಾಡೋಣ.’

ಕೈ ಎತ್ತಿದರು: ಏಳು, ಎರಡು.
ಸದಸ್ಯನಲ್ಲದ ಕ್ಯಾಲಮ್ಮನ ಕೈ ಲೆಕ್ಕಕ್ಕಿಲ್ಲ,
ಎತ್ತಿಯೇ ಇದ್ದ, ಪಾಪ, ಚಹಾ ಬರುವವರೆಗೂ.

ಹಾಗಂತ ನಿಶ್ಚಿಂತೆಯೇನೂ ಅಲ್ಲ.
ಹದಿನಾಲ್ಕು ತಿಂಗಳಾದ ಮೇಲೆ ಗೂಡು ಬದಲಿಸಲೇಬೇಕು,
ಹೆಸರು, ಫೋಟೊ, ಜಗಳ, ಸಂತಾಪ ಎಲ್ಲ ಗಂಟುಕಟ್ಟಿ.
‘ಹಳೆ ಹಕ್ಕಿ ಹೊಸ ಗೂಡಿನಲ್ಲಿ ನಿಲ್ಲುವುದಿಲ್ಲ’
ಅಂದ ಕ್ಲಿಫರ್ಡ್, ಕೋಟಿನ ತೋಳು ಹುಡುಕುತ್ತ,
‘ಬಾಗಿಲು ತೆರೆದೆಯೋ, ಹಳೆ ಗೂಡಿದ್ದ ಜಾಗಕ್ಕೇ ಹೋಗಿ ಕೂರುತ್ತದೆ.
ಅಲ್ಲೀಗ ಕಾರು ನಿಲ್ಲಿಸುತ್ತಾರೆ. ಆದರೂ.’

ರಾತ್ರಿ ಹನ್ನೊಂದಕ್ಕೆ ಇನ್‌ಸ್ಟಾಲ್ ಒತ್ತಿದೆ.
ನೀಲಿ ಪಟ್ಟಿ ಶೇಕಡಾ ಅರವತ್ತೊಂದಕ್ಕೆ ಬಂದು ನಿಂತಿತು,
ನಿಂತೇ ಇತ್ತು, ನಾನು ಪಾತ್ರೆ ತೊಳೆದು ಬರುವವರೆಗೂ.
ಅಷ್ಟರಲ್ಲಿ ಒಂದು ಚೀಟಿ ಬರೆದು ಫ್ರಿಜ್ಜಿಗೆ ಅಂಟಿಸಿದೆ:
ಹಳೆ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳಿಸುವ ಸಾಲು,
ಎಷ್ಟು ವರ್ಷವಾದರೂ ಅಳಿಸಕೂಡದು.

ಮೊದಲ ಸದಸ್ಯ ಕ್ಲಿಫರ್ಡ್. ತನ್ನ ಪಾಸ್‌ವರ್ಡನ್ನು
ಕ್ಲಬ್ಬಿಗೆಲ್ಲ ಕೇಳುವಂತೆ ಕೂಗಿ ಹೇಳಿದ್ದ:
ಎಂಬತ್ತೇಳರಲ್ಲಿ ಹೋಗಿ ಮರಳದ ಹೆಣ್ಣೊಂದರ
ಕಾಲುಂಗುರದ ಸಂಖ್ಯೆ.
ಬೇರೆ ಇಟ್ಟುಕೋ ಅಂದರೆ ಕೇಳಲಿಲ್ಲ.
ಒತ್ತಿದೆ.
‘ದುರ್ಬಲ’ ಎಂದು ಕೆಂಪಕ್ಷರದಲ್ಲಿ ಗೊಣಗಿತು ಮೂರು ಚುಕ್ಕಿ ಎರಡು,
ಗೊಣಗಿ, ಒಳಗೆ ಬಿಟ್ಟುಕೊಂಡಿತು.